ಸೈನಿಕ ಹೆದರುವುದನ್ನು ಬರೆದರೆ ಅವಮಾನವೇ?

ಪ್ರಶ್ನೆ: ಡಾಕ್ಟ್ರೇ, ನಾನು ಆಲೂರು ತಾಲ್ಲೂಕಿನ ಒಂದು ಹಳ್ಳಿಯವಳು. ಪ್ರೈಮರಿ ಶಾಲೆಯಲ್ಲಿ ಟೀಚರ್. ಬಿಡುವಾದಾಗ ಕಥೆ ಬರೆಯುತ್ತೇನೆ. ನಮ್ಮಪ್ಪ ಸೇನೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. 1999ರಲ್ಲಿ ಕಾರ್ಗಿಲ್‌ಗೆ ಹೋಗಿದ್ದರು. ಅಲ್ಲಿ ಏನಾಯಿತು ಅಂತ ಇವತ್ತಿನವರೆಗೂ ಮನೆಯಲ್ಲಿ ಬಾಯಿ ಬಿಟ್ಟಿಲ್ಲ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಅಂತ ಒಂದು ಕಥೆ ಬರೆದೆ. ಅದರಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಬೆಟ್ಟ ಹತ್ತುವ ಹಿಂದಿನ ರಾತ್ರಿ ನಡುಗುತ್ತಾನೆ, ಅಳುತ್ತಾನೆ, ಬಟ್ಟೆಯಲ್ಲೇ ಉಚ್ಚೆ ಮಾಡಿಕೊಳ್ಳುತ್ತಾನೆ. ಬೆಳಗ್ಗೆ ಎದ್ದು ಎಲ್ಲರ ಜೊತೆ ಹತ್ತುತ್ತಾನೆ, ಓಡಿಹೋಗಿ ಬಂಕರ್‌ಗೆ ಗ್ರನೇಡ್ ಎಸೆಯುತ್ತಾನೆ. ಹಾಸನದಲ್ಲಿ ನಾವೊಂದಷ್ಟು ಜನ ತಿಂಗಳಿಗೊಮ್ಮೆ ಸೇರಿ ಬರೆದದ್ದನ್ನು ಓದುತ್ತೇವೆ. ಅಲ್ಲಿ ಒಬ್ಬರು ‘ಇದು ಸೈನಿಕರಿಗೆ ಮಾಡುವ ಅವಮಾನ, ಮೊದಲು ಅದನ್ನ ತೆಗೀರಿ’ ಎಂದರು. ಇನ್ನೊಬ್ಬರು ‘ಭಯ ಸಾಲದು, ಇನ್ನೂ ಹಾಕಿ, ಆಗಲೇ ಕಥೆ ಗಟ್ಟಿಯಾಗೋದು’ ಎಂದರು. ಧೈರ್ಯ ಮಾಡಿ ಅಪ್ಪನಿಗೇ ಕೊಟ್ಟೆ. ಪೂರ್ತಿ ಓದಿದರು. ಮಡಚಿ ಮೇಜಿನ ಮೇಲಿಟ್ಟು ‘ಇದೆಲ್ಲ ಯಾಕೆ ಬರೀತೀಯವ್ವ’ ಅಂದು ತೋಟಕ್ಕೆ ಹೊರಟುಹೋದರು. ಆಮೇಲೆ ಮೂರ್ನಾಲ್ಕು ರಾತ್ರಿ ಅವರು ಸರಿಯಾಗಿ ಮಲಗಲಿಲ್ಲ ಅಂತ ಅಮ್ಮ ಹೇಳಿದರು. ನಿಜವಾದ ಸೈನಿಕರು ಹೀಗೆ ಹೆದರುತ್ತಾರಾ? ಯುದ್ಧ ನೋಡದ ನಾನು ಇದನ್ನು ಬರೆಯಬಹುದಾ? ಅಪ್ಪನನ್ನು ಕೇಳಲಾ, ಬೇಡವಾ? ಆ ಭಾಗ ಇಡಲಾ, ತೆಗೆಯಲಾ?

ಉತ್ತರ: ನಾನು ಹಾಸನದಲ್ಲಿ ಮನೋವೈದ್ಯ. ಅದಕ್ಕೂ ಮುಂಚೆ ಕೆಲವು ವರ್ಷ ಸೇನೆಯಲ್ಲಿ ಡಾಕ್ಟರಾಗಿದ್ದೆ, ಪಲ್ಟನ್ ಜೊತೆ ಎತ್ತರದ ಪೋಸ್ಟ್‌ಗಳಲ್ಲಿ. ಯುದ್ಧ ಮಾಡಿದವನಲ್ಲ, ಮಾಡಲು ಹೊರಟವರ ಮತ್ತು ಮಾಡಿ ಬಂದವರ ನಾಡಿ ಹಿಡಿದವನು. ವಿಮರ್ಶಕನೂ ಅಲ್ಲ. ಆದರೆ ಯುದ್ಧದ ಕಾದಂಬರಿ ಕೈಗೆ ಸಿಕ್ಕಿದರೆ ಬಿಡುವವನಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ನನ್ನ ಮಾತನ್ನು ಎಷ್ಟು ನಂಬಬೇಕು ಅಂತ ನೀವೇ ಅಳೆದುಕೊಳ್ಳಬಹುದು.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಸುತ್ತಿಕೊಂಡಿವೆ. ಒಂದು ಕಥೆಯದು, ಇನ್ನೊಂದು ಅಪ್ಪನದು. ಅವನ್ನು ಬಿಡಿಸಿ ನೋಡೋಣ. ಅಪ್ಪನ ನಿದ್ದೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದು ಗಾಬರಿಯಾಗುವಂಥದ್ದಲ್ಲ, ಕಡೆಗಣಿಸುವಂಥದ್ದೂ ಅಲ್ಲ.

ಸೈನಿಕರು ಹೆದರುತ್ತಾರಾ? ಹೆದರುತ್ತಾರೆ. ಇದರಲ್ಲಿ ಅನುಮಾನವೇ ಬೇಡ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೇನೆ ತನ್ನ ಸೈನಿಕರನ್ನೇ ಕೂರಿಸಿ ಕೇಳಿತ್ತು. ಅದರ ಲೆಕ್ಕ 1949ರಲ್ಲಿ ಪುಸ್ತಕವಾಗಿ ಬಂತು. ಪೆಸಿಫಿಕ್ ಕಡೆ ಕಾದಾಡಿದ ಒಂದು ಡಿವಿಷನ್ನಿನಲ್ಲಿ ನೂರಕ್ಕೆ 84 ಮಂದಿ ಎದೆ ಒಡೆದುಹೋಗುವ ಹಾಗೆ ಬಡಿದುಕೊಂಡಿತು ಎಂದರು. ನೂರಕ್ಕೆ 21 ಮಂದಿ ಚಡ್ಡಿಯಲ್ಲೇ ಮಲ ಹೋಯಿತು ಎಂದು ಒಪ್ಪಿಕೊಂಡರು. ಮೂತ್ರ ಹೋಯಿತು ಎಂದವರು ನೂರಕ್ಕೆ 10. ಇವೆಲ್ಲ ಬಾಯಿಬಿಟ್ಟು ಹೇಳಿದವರ ಲೆಕ್ಕ. ಹೇಳದೆ ಉಳಿದವರನ್ನು ಸೇರಿಸಿದರೆ ಜಾಸ್ತಿಯೇ ಆದೀತು. ಇವರಲ್ಲಿ ಯಾರೂ ಪಲಾಯನ ಮಾಡಿ ಮನೆಗೆ ಓಡಿದವರಲ್ಲ ಅನ್ನುವುದನ್ನು ಗಮನಿಸಿ. ಕಾಳಗ ಮುಗಿಸಿ ಬಂದು ಕೂತು ಉತ್ತರ ಕೊಟ್ಟವರು.

ಹಾಗಾಗಿ ನಿಮ್ಮ ಮೊದಲ ಸ್ನೇಹಿತರ ಮಾತು ನಿಲ್ಲುವುದಿಲ್ಲ. ಅವರದ್ದು ಕೆಟ್ಟ ಮನಸ್ಸಲ್ಲ, ಸೈನಿಕರ ಮೇಲಿನ ಗೌರವದಿಂದಲೇ ಅಂದಿದ್ದಾರೆ. ಆದರೆ ಹೆದರುವುದೇ ತಪ್ಪು ಅಂತ ತಿಳಿದ ಸೇನೆಗಳು ಏನು ಮಾಡಿದವು ಅಂತ ಸ್ವಲ್ಪ ನೋಡಬೇಕು. ಮೊದಲ ಮಹಾಯುದ್ಧದಲ್ಲಿ ಓಡಿಹೋದದ್ದು, ಹೇಡಿತನ ಇಂಥ ಆರೋಪದ ಮೇಲೆ ಬ್ರಿಟಿಷ್ ಸೇನೆ ತನ್ನದೇ ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ 306 ಮಂದಿಗೆ 2006ರಲ್ಲಿ ಬ್ರಿಟಿಷ್ ಸರ್ಕಾರ ಕ್ಷಮೆ ಕೊಟ್ಟಿತು. ಎಷ್ಟೋ ಜನ ಶೆಲ್ ಬಿದ್ದು ಬಿದ್ದು ಮನಸ್ಸು ಕದಡಿಹೋದವರು ಅನ್ನುವುದು ಅಷ್ಟರಲ್ಲಿ ಗೊತ್ತಾಗಿತ್ತು. ಸತ್ತು ಸುಮಾರು ತೊಂಬತ್ತು ವರ್ಷವಾದ ಮೇಲೆ ಕ್ಷಮೆ. ಅವಮಾನ ಯಾವುದು, ನೀವೇ ಹೇಳಿ.

ನಮ್ಮ ಕಡೆ ಕಥೆಗಳಲ್ಲಿ ಸೈನಿಕನಿಗೆ ಇರುವುದು ಎರಡೇ ಅಚ್ಚು. ಒಂದು ವೀರಗಲ್ಲು. ಬೇಲೂರು, ಹಳೇಬೀಡು, ಅರಸೀಕೆರೆ, ಯಾವ ಕಡೆ ಹೋದರೂ ಊರ ಮುಂದೆ, ಕೆರೆ ಏರಿ ಮೇಲೆ ನಿಂತಿರುತ್ತದಲ್ಲ, ಅದೇ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಸ್ವರ್ಗ. ಹೊರಡುವ ಹಿಂದಿನ ರಾತ್ರಿಗೆ ಅಲ್ಲಿ ಪಟ್ಟಿಯೇ ಇಲ್ಲ. ತಪ್ಪೇನಿಲ್ಲ, ಅದು ಸತ್ತವನಿಗೆ ಊರು ಸಲ್ಲಿಸಿದ ಮರ್ಯಾದೆ. ಆದರೆ ನಮ್ಮ ಸಿನಿಮಾ, ಕಥೆಗಳೂ ಅದೇ ಮೂರು ಪಟ್ಟಿಯಲ್ಲೇ ನಿಂತುಬಿಟ್ಟಿವೆ.

ಇನ್ನೊಂದು ಅಚ್ಚು ಉತ್ತರಕುಮಾರ. ‘ಉತ್ತರನ ಪೌರುಷ ಒಲೆಯ ಮುಂದೆ’ ಅಂತ ಗಾದೆಯನ್ನೇ ಮಾಡಿಟ್ಟಿದ್ದೇವೆ. ಹೆಂಗಸರ ಮುಂದೆ ಮೀಸೆ ತಿರುವಿ, ಕೌರವರ ಸೈನ್ಯ ಕಂಡ ಕೂಡಲೇ ರಥದಿಂದ ಹಾರಿ ಓಡಿದವನು. ಯಕ್ಷಗಾನದಲ್ಲಿ, ತಾಳಮದ್ದಳೆಯಲ್ಲಿ ಅವನು ಬಂದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದರೆ ಆ ಕಥೆಯನ್ನು ನಾವು ಅರ್ಧಕ್ಕೇ ನಿಲ್ಲಿಸಿದ್ದೇವೆ. ಮುಂದೇನಾಯಿತು? ಅರ್ಜುನ ಅವನನ್ನು ಎಳೆದು ತಂದು ಕೈಗೆ ಕುದುರೆಯ ಹಗ್ಗ ಕೊಟ್ಟ. ಅದೇ ಉತ್ತರ, ಅದೇ ಸೈನ್ಯದ ಎದುರು, ಭೀಷ್ಮ ದ್ರೋಣ ಕರ್ಣರ ಬಾಣದ ನಡುವೆ ರಥ ಓಡಿಸಿದ. ಆಮೇಲೆ ಕುರುಕ್ಷೇತ್ರದಲ್ಲಿ ಮೊದಲನೇ ದಿನವೇ ಶಲ್ಯನ ಎದುರು ನಿಂತು ಕಾದಾಡಿ ಸತ್ತ. ಗಾದೆಗೆ ಇದ್ಯಾವುದೂ ಬೇಕಾಗಿಲ್ಲ. ಕಥೆಗಾರರಿಗೆ ಬೇಕು. ಓಡಿದವನೂ ಅವನೇ, ರಥ ಓಡಿಸಿದವನೂ ಅವನೇ. ನಡುವೆ ಬದಲಾದದ್ದು ಇಷ್ಟೇ: ಜೊತೆಗೊಬ್ಬ ಗಟ್ಟಿ ಮನುಷ್ಯ ಸಿಕ್ಕಿದ, ಕೈಗೊಂದು ಕೆಲಸ ಸಿಕ್ಕಿತು. ನನ್ನ ಅನುಭವದಲ್ಲಿ ಸೈನಿಕನ ಭಯದ ಬಗ್ಗೆ ಇದಕ್ಕಿಂತ ಸರಿಯಾದ ಕಥೆ ಇಲ್ಲ.

ಈಗ ನಿಮ್ಮ ಕಥೆಗೆ ಬರುತ್ತೇನೆ. ಅದರಲ್ಲಿ ಭಯ ಇರುವುದು ತಪ್ಪಲ್ಲ. ಜಾಸ್ತಿಯೂ ಅಲ್ಲ, ಕಮ್ಮಿಯೂ ಅಲ್ಲ. ಅದು ಕೂತಿರುವ ಜಾಗ ಮಾತ್ರ ಅರ್ಧ ಸರಿ, ಅರ್ಧ ತಪ್ಪು.

ಸರಿಯಾದ ಅರ್ಧ ಯಾವುದೆಂದರೆ, ಹಿಂದಿನ ರಾತ್ರಿ. ಗುಂಡು ಹಾರುವಾಗಲೇ ಭಯ ಜಾಸ್ತಿ ಅಂತ ಜನ ತಿಳಿದಿರುತ್ತಾರೆ. ಹಾಗಲ್ಲ. ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಿ ಬಂದ 300 ಅಮೆರಿಕನ್ ಸ್ವಯಂಸೇವಕರನ್ನು ಜಾನ್ ಡೊಲ್ಲಾರ್ಡ್ ಎಂಬ ಮನಶ್ಶಾಸ್ತ್ರಜ್ಞರು ವಿಚಾರಿಸಿ 1943ರಲ್ಲಿ ಬರೆದರು. ಹೆಚ್ಚಿನವರು ಹೇಳಿದ್ದು ಒಂದೇ: ಕಾಳಗಕ್ಕೆ ಇಳಿಯುವ ಸ್ವಲ್ಪ ಮುಂಚೆಯೇ ಭಯ ತುತ್ತತುದಿಗೆ ಹೋಗುವುದು. ಇಳಿದ ಮೇಲೆ ಕೈಗೆ ಕೆಲಸ, ಕಣ್ಣಿಗೆ ಕೆಲಸ, ಕಿವಿಗೆ ಆರ್ಡರು. ಭಯ ಹೋಗುವುದಿಲ್ಲ, ಹಿಂದಕ್ಕೆ ಸರಿದು ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಬಡ್ಡಿ ಸಮೇತ ವಾಪಸ್ ಬರುತ್ತದೆ. ಗಂಟೆಗಟ್ಟಲೆ ನೆಟ್ಟಗಿದ್ದವನ ಕೈ ಚಹಾದ ಲೋಟ ಹಿಡಿಯುವಾಗ ನಡುಗಿ ಅರ್ಧ ಚಹಾ ಚೆಲ್ಲಿಹೋಗುತ್ತದೆ. ನಿಮ್ಮ ಕಥೆಯಲ್ಲಿ ಗ್ರನೇಡ್ ಎಸೆದ ಮೇಲೆ ಕಥೆಯೇ ಮುಗಿದುಹೋಗುತ್ತದೆ. ಆ ಚಹಾ ಲೋಟ ಇಲ್ಲ.

ಇನ್ನು, ಅವನು ಹೆದರುವುದು ಯಾವುದಕ್ಕೆ? ನೀವು ಸಾವಿಗೆ ಅಂತ ಬರೆದಿದ್ದೀರಿ. ಮೊದಲ ಸಲ ಹೋಗುವವನಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಒಂದಿದೆ: ಎಲ್ಲರೆದುರು ನಾನು ಹೆದರಿಬಿಟ್ಟರೆ? ನನ್ನಿಂದ ಪಕ್ಕದವನಿಗೆ ಏನಾದರೂ ಆಗಿಬಿಟ್ಟರೆ? ಸ್ಪೇನಿನಲ್ಲಿ ಹೋರಾಡಿದ ಆ ಅಮೆರಿಕನ್ನರೂ ಇದನ್ನೇ ಹೇಳಿದ್ದರು. ಎರಡು ಮೂರು ಕಾಳಗ ಕಂಡ ಮೇಲೆ ಆ ಹೆದರಿಕೆ ಇಳಿದು ಬೇರೆಯದು ಶುರುವಾಗುತ್ತದೆ. ಸತ್ತರೆ ಸಾಯಲಿ, ಕಣ್ಣು ಹೋಗಬಾರದು, ಹೊಟ್ಟೆಗೆ ಬೀಳಬಾರದು, ಗಂಡಸುತನ ಹೋಗಬಾರದು. ಹೊಸಬ, ಹಳಬ ಇಬ್ಬರೂ ಒಂದೇ ಬಂಡೆಯ ಹಿಂದೆ ಕೂತಿರುತ್ತಾರೆ, ಹೆದರುವುದು ಬೇರೆ ಬೇರೆಯದಕ್ಕೆ. ಇದನ್ನು ಬರೆದ ಕಥೆ ಕನ್ನಡದಲ್ಲಿ ನನಗೆ ಅಷ್ಟಾಗಿ ಸಿಕ್ಕಿಲ್ಲ. ನಿಮಗೆ ಜಾಗ ಖಾಲಿ ಇದೆ.

ಆ ರಾತ್ರಿ ಹೊರಗಿನಿಂದ ಹೇಗೆ ಕಾಣುತ್ತದೆ ಅಂತ ನಾನು ನೋಡಿದಷ್ಟು ಹೇಳುತ್ತೇನೆ. ನಾನಿದ್ದ ಕಡೆ ಯುದ್ಧ ಇರಲಿಲ್ಲ, ಅಪಾಯದ ಗಸ್ತು ಇತ್ತು. ಗಸ್ತು ಹೊರಡುವ ಹಿಂದಿನ ಸಂಜೆ ಎಂಐ ರೂಮಿನ, ಅಂದರೆ ಡಾಕ್ಟರು ಸೈನಿಕರನ್ನು ನೋಡುವ ಕೋಣೆಯ ಮುಂದೆ ಸಾಲು ಉದ್ದವಾಗುತ್ತಿತ್ತು. ಒಬ್ಬನಿಗೆ ಭೇದಿ, ಒಬ್ಬನಿಗೆ ಹಲ್ಲುನೋವು, ಒಬ್ಬನಿಗೆ ಹಳೇ ಮಂಡಿನೋವು. ಯಾವುದೂ ಸುಳ್ಳಲ್ಲ. ಭಯಕ್ಕೆ ಹೊಟ್ಟೆ ನಿಜವಾಗಿಯೂ ಕೆಡುತ್ತದೆ, ಹಲ್ಲು ಕಚ್ಚಿ ಕಚ್ಚಿ ದವಡೆ ನಿಜವಾಗಿಯೂ ನೋಯುತ್ತದೆ. ನಮ್ಮ ನರ್ಸಿಂಗ್ ಅಸಿಸ್ಟೆಂಟ್ ಅನುಭವಸ್ಥ. ಯಾರನ್ನೂ ‘ಹೆದರಿದೆಯಾ’ ಅಂತ ಕೇಳುತ್ತಿರಲಿಲ್ಲ. ಮಾತ್ರೆ ಕೊಟ್ಟು ‘ಬೆಳಗ್ಗೆ ಹೇಗಿದೆ ಅಂತ ಬಂದು ಹೇಳು’ ಅನ್ನುತ್ತಿದ್ದ. ಬೆಳಗ್ಗೆ ಹೆಚ್ಚುಕಮ್ಮಿ ಎಲ್ಲರೂ ಫಾಲಿನ್‌ನಲ್ಲಿ, ಹೊರಡುವ ಸಾಲಿನಲ್ಲಿ ನಿಂತಿರುತ್ತಿದ್ದರು. ಬ್ಯಾರಕ್‌ನಲ್ಲಿ ಅಳುವವರನ್ನು ಕಂಡದ್ದು ನನಗೆ ಕಡಿಮೆ. ಕಂಡದ್ದು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟುವವರನ್ನು. ಮ್ಯಾಗಜಿನ್ ತೆಗೆದು ಮೇಲಿನ ಗುಂಡನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಹಾಕಿ, ಐದು ನಿಮಿಷ ಬಿಟ್ಟು ಮತ್ತೆ ತೆಗೆದು ಒತ್ತಿ ನೋಡುವವರನ್ನು. ವಿನಾಕಾರಣ ಜೋಕು ಹೊಡೆಯುವವರನ್ನು. ಸುಮ್ನೆ ಜಗಳ ತೆಗೆಯುವವರನ್ನು.

ಇದಕ್ಕೆ ಕಾರಣ ಮೈಯಲ್ಲೇ ಇದೆ. ಅಪಾಯ ಅಂತ ಮಿದುಳಿಗೆ ಅನಿಸಿದ ಕ್ಷಣವೇ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಹೊಟ್ಟೆ ಕರುಳಿನ ಕಡೆ ಹೋಗುತ್ತಿದ್ದ ರಕ್ತ ಕೈಕಾಲಿನ ಕಡೆ ತಿರುಗುತ್ತದೆ. ಅದಕ್ಕೇ ಹೊಟ್ಟೆ ತಳಮಳ, ಬಾಯಿ ಒಣಗುವುದು. ದೊಡ್ಡ ಸ್ನಾಯುಗಳಿಗೆ ಬಲ ಬರುತ್ತದೆ, ಬೆರಳಿನ ನಾಜೂಕು ಕೆಲಸ ಕೆಡುತ್ತದೆ. ದಿನಾ ಹಾಕುವ ಗುಂಡಿ ಹಾಕಲು ಆಗುವುದಿಲ್ಲ. ನೋಟ ಕಿರಿದಾಗುತ್ತದೆ. ಪಕ್ಕದಲ್ಲೇ ಹಾರಿದ ಗುಂಡಿನ ಸದ್ದು ಕೇಳಿಸದೆ ಹೋಗಬಹುದು. ಸಮಯ ನಿಧಾನವಾದ ಹಾಗೆ ಅನಿಸಬಹುದು. ಎಷ್ಟೋ ಜನ ಓಡುವುದಿಲ್ಲ, ನಿಂತಲ್ಲೇ ಮರಗಟ್ಟಿಹೋಗುತ್ತಾರೆ. ಹೆದರಿದವನು ಓಡುತ್ತಾನೆ ಅನ್ನುವುದು ಕಥೆಗಳು ಕಲಿಸಿದ ಪಾಠ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ಹೇಳುವುದನ್ನೇ ನೋಡಿ: ಮೈ ಕುಸಿಯುತ್ತಿದೆ, ಬಾಯಿ ಒಣಗುತ್ತಿದೆ, ನಡುಕ ಬರುತ್ತಿದೆ, ರೋಮ ನಿಲ್ಲುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ. ಅವನದು ಸಾವಿನ ಭಯವಲ್ಲ, ಬಂಧುಗಳನ್ನು ಕೊಲ್ಲಬೇಕಲ್ಲ ಅನ್ನುವ ಸಂಕಟ. ಆದರೆ ಮೈಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಡಾಕ್ಟರ ಕಣ್ಣಲ್ಲಿ ಅದು ಪಕ್ಕಾ ಲಕ್ಷಣಗಳ ಪಟ್ಟಿ.

ಎತ್ತರದ ಜಾಗದಲ್ಲಿ ಇನ್ನೂ ಒಂದು ತೊಡಕಿದೆ. ಕಾರ್ಗಿಲ್ ಯುದ್ಧ ನಡೆದ ಶಿಖರಗಳಲ್ಲೊಂದಾದ ಟೈಗರ್ ಹಿಲ್ 5,000 ಮೀಟರ್‌ಗಿಂತ ಎತ್ತರ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಟೈಗರ್ ಹಿಲ್‌ನಷ್ಟು ಮೇಲೆ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದ ಆಸುಪಾಸು. ಸುಮ್ಮನೆ ಕೂತರೂ ಎದೆ ಬಡಿದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ, ತಲೆ ಸಿಡಿಯುತ್ತದೆ. ಇದು ಭಯವೋ ಎತ್ತರವೋ ಅಂತ ಅವನಿಗೇ ತಿಳಿಯುವುದಿಲ್ಲ. ಚಳಿಗೂ ಎತ್ತರಕ್ಕೂ ಮೂತ್ರ ಪದೇ ಪದೇ ಬರುತ್ತದೆ, ಹೆದರದವನಿಗೂ. ಬಟ್ಟೆ ಒದ್ದೆಯಾದರೆ ಅಲ್ಲಿ ಮೊದಲ ಚಿಂತೆ ಮಾನದ್ದಲ್ಲ. ಗಾಳಿಗೆ ಒದ್ದೆ ಬಟ್ಟೆ ಹೆಪ್ಪುಗಟ್ಟಿದರೆ ಚರ್ಮ ಸಾಯುತ್ತದೆ. ಪಕ್ಕದವನು ಕತ್ತಲಲ್ಲಿ ಬೈದುಕೊಂಡು ತನ್ನ ಒಣ ಬಟ್ಟೆ ಎಸೆಯುತ್ತಾನೆ. ನಿಮ್ಮ ಹುಡುಗ ಒಂದು ಪುಟದಷ್ಟು ಉದ್ದ ನಾಚಿಕೆಪಟ್ಟುಕೊಂಡು ಕೂರುತ್ತಾನಲ್ಲ, ಅಷ್ಟು ಹೊತ್ತಿಗೆ ಅವನನ್ನು ನನ್ನ ಹತ್ತಿರ ಹೊತ್ತು ತರಬೇಕಾಗುತ್ತಿತ್ತು.

ಇದೇ ಥರದ ಒಂದು ದೃಶ್ಯ ಎರಿಕ್ ಮರಿಯಾ ರೆಮಾರ್ಕ್ 1929ರಲ್ಲಿ ತಂದ ಯುದ್ಧ ಕಾದಂಬರಿಯಲ್ಲಿದೆ. ಅವರು ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದವರು. ಶೆಲ್ ಬೀಳುತ್ತಿರುವಾಗ ಹೊಸದಾಗಿ ಬಂದ ಹುಡುಗನೊಬ್ಬ ಹೆಲ್ಮೆಟ್ ಬೀಳಿಸಿಕೊಂಡು ಕಥಾನಾಯಕನ ತೋಳಿನ ಕೆಳಗೆ ನುಸುಳಿಕೊಳ್ಳುತ್ತಾನೆ. ನಾಯಕ ಸಮಾಧಾನದ ಮಾತೇನೂ ಆಡುವುದಿಲ್ಲ. ಆ ಹೆಲ್ಮೆಟ್ ತೆಗೆದು ಹುಡುಗನ ಕುಂಡೆಯ ಮೇಲಿಡುತ್ತಾನೆ, ಮೇಲೆ ಎದ್ದು ಕಾಣುತ್ತಿರುವುದು ಅದೊಂದೇ ಅಂತ. ಶೆಲ್ ನಿಂತ ಮೇಲೆ ಹುಡುಗನಿಗೆ ಚಡ್ಡಿಯಲ್ಲಿ ಆಗಿರುವುದು ಗೊತ್ತಾಗಿ ಮುಖ ಕೆಂಪಾಗುತ್ತದೆ. ನಿನಗಿಂತ ಮುಂಚೆ ಎಷ್ಟೋ ಜನಕ್ಕೆ ಆಗಿದೆ, ಹೋಗಿ ಒಳಚಡ್ಡಿ ಬಿಸಾಕಿ ಬಾ ಅನ್ನುವ ಧಾಟಿಯಲ್ಲಿ ನಾಯಕ ಹೇಳುತ್ತಾನೆ. ಅಷ್ಟೇ. ಅಲ್ಲಿ ಭಯ ಇದೆ, ಅವಮಾನ ಇಲ್ಲ. ಯಾಕೆಂದರೆ ಅದನ್ನು ನೋಡುವ ಕಣ್ಣು ಜೊತೆಗಾರನದು. ನಿಮ್ಮ ಕಥೆಯಲ್ಲಿ ಆ ಹುಡುಗನನ್ನು ನೋಡುವವರು ಯಾರೂ ಇಲ್ಲ. ಅವನೊಬ್ಬನೇ, ಓದುಗರೊಬ್ಬರೇ. ಅದಕ್ಕೇ ಅದು ಕದ್ದು ನೋಡಿದ ಹಾಗಾಗಿದೆ. ನಿಮ್ಮ ಸ್ನೇಹಿತರಿಗೆ ಚುಚ್ಚಿದ್ದು ಬಹುಶಃ ಇದು. ಅವರು ಹೇಳಿದ ಕಾರಣ ಬೇರೆಯಾಯಿತು, ಅಷ್ಟೇ.

‘ಇನ್ನೂ ಹಾಕಿ’ ಅಂದವರ ಮಾತನ್ನೂ ನಾನು ಒಪ್ಪುವುದಿಲ್ಲ. ಈಗೀಗ ಅದೂ ಒಂದು ಅಚ್ಚಾಗಿದೆ. ಯುದ್ಧಕ್ಕೆ ಹೋದವನೆಂದರೆ ಮುರಿದುಹೋದವನು, ಕುಡುಕ, ರಾತ್ರಿಯೆಲ್ಲ ಕಿರುಚುವವನು. ಅಂಥವರು ಇದ್ದಾರೆ, ನನ್ನ ಹತ್ತಿರ ಬರುತ್ತಾರೆ. ಆದರೆ ಬಹಳಷ್ಟು ಜನ ಊರಿಗೆ ಬಂದು ಮೆಣಸಿನ ಬಳ್ಳಿ ಕಟ್ಟಿಕೊಂಡು, ಬ್ಯಾಂಕಿನ ಬಾಗಿಲಲ್ಲಿ ಡಬಲ್ ಬ್ಯಾರಲ್ ಹಿಡಿದು ನಿಂತು, ಮಕ್ಕಳ ಫೀಸು ಕಟ್ಟಿಕೊಂಡು ಎಲ್ಲರ ಹಾಗೆ ಬದುಕುತ್ತಾರೆ. ಭಯ ಅವರ ಬದುಕಿನ ಒಂದು ಭಾಗ. ಅದನ್ನೇ ಇಡೀ ಮನುಷ್ಯ ಅಂದುಬಿಟ್ಟರೆ ಅದೂ ವೀರಗಲ್ಲಿನಷ್ಟೇ ಅರ್ಧ ಸತ್ಯ.

ಹೋಗ್ತಾ ಹೋಗ್ತಾ ಅಭ್ಯಾಸವಾಗಿ ಭಯ ಹೋಗಿಬಿಡುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಲಾರ್ಡ್ ಮೊರಾನ್ ಅಂತ ಒಬ್ಬರು ಡಾಕ್ಟರಿದ್ದರು, ಆಮೇಲೆ ಚರ್ಚಿಲ್ ಅವರಿಗೆ ವೈದ್ಯರಾದವರು. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿ ಕೆಲಸ ಮಾಡಿದ ಅನುಭವದಿಂದ 1945ರಲ್ಲಿ ಧೈರ್ಯದ ಬಗ್ಗೆ ಒಂದು ಪುಸ್ತಕ ಬರೆದರು. ಧೈರ್ಯ ಬ್ಯಾಂಕಿನಲ್ಲಿಟ್ಟ ದುಡ್ಡಿನ ಹಾಗೆ, ತೆಗೆದಷ್ಟೂ ಕರಗುತ್ತದೆ ಎಂದರು. ಮೊದಲ ವಾರ ಹುಲಿಯಂತಿದ್ದವನು ಮೂರನೇ ತಿಂಗಳು ಪಾತ್ರೆ ಬಿದ್ದರೆ ಬೆಚ್ಚಬಹುದು. ಅವನು ಕೆಟ್ಟವನಾದದ್ದಲ್ಲ, ಖರ್ಚಾದದ್ದು. ದೀರ್ಘ ಕಥೆ ಬರೆಯುವುದಾದರೆ ಈ ಮಾತು ನೆನಪಿರಲಿ.

ಯುದ್ಧ ನೋಡದವರು ಬರೆಯಬಹುದಾ? ಬರೆಯಬಹುದು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಸ್ಟೀಫನ್ ಕ್ರೇನ್ ಹುಟ್ಟಿದ್ದೇ 1871ರಲ್ಲಿ. 1895ರಲ್ಲಿ ಆ ಯುದ್ಧದ ಬಗ್ಗೆ ಅವರು ಬರೆದ ಕಾದಂಬರಿಯಲ್ಲಿ ಹುಡುಗ ಹೆದರಿ ಓಡುತ್ತಾನೆ, ಮರಳಿ ಬಂದು ನಿಲ್ಲುತ್ತಾನೆ. ಅದನ್ನು ಬರೆಯುವಾಗ ಕ್ರೇನ್ ಒಂದೂ ಕಾಳಗ ಕಂಡಿರಲಿಲ್ಲ. ನಮ್ಮದೇ ಜಿಲ್ಲೆಯ ಸಂತೇಶಿವರದ ಭೈರಪ್ಪನವರು ‘ಪರ್ವ’ದಲ್ಲಿ ಕುರುಕ್ಷೇತ್ರದ ದೇವತೆಗಳನ್ನೆಲ್ಲ ಬದಿಗೆ ಸರಿಸಿ ಹೆಣದ ನಾತ, ಹೊಲಸು, ಅನ್ನ ನೀರಿನ ಪರದಾಟ ಬರೆದರು. ಅದನ್ನು ಓದಿದ ಮೇಲೆ ಮಹಾಭಾರತದ ಯುದ್ಧಕ್ಕೆ ನನ್ನ ಮೂಗಿನಲ್ಲಿ ಮೊದಲ ಸಲ ವಾಸನೆ ಬಂತು. ಯಾರೂ ಅಲ್ಲಿಗೆ ಹೋಗಿ ನೋಡಿ ಬರೆದದ್ದಲ್ಲ, ಹೋಮ್‌ವರ್ಕ್ ಮಾಡಿ ಬರೆದದ್ದು.

ಈಗ ಅಪ್ಪನ ವಿಷಯ. ಅವರು ‘ಇದು ಸುಳ್ಳು’ ಅನ್ನಲಿಲ್ಲ. ‘ಯಾಕೆ ಬರೀತೀಯ’ ಅಂದರು. ಹಾಗಂತ ಅದಕ್ಕೆ ನೀವೇ ಅರ್ಥ ಕಟ್ಟಬೇಡಿ. ಅವರಿಗೆ ತನ್ನದೇ ಏನೋ ನೆನಪಾಗಿರಬಹುದು. ಸತ್ತ ಜೊತೆಗಾರ ನೆನಪಾಗಿರಬಹುದು. ಇಲ್ಲವೇ ಊರಿನವರು ಇದನ್ನು ಓದಿ ‘ಮಿಲ್ಟ್ರಿಯೋರ ಕಥೆ ಅವರ ಮಗಳೇ ಬರೆದವ್ಳೆ’ ಅಂತ ಆಡಿಕೊಂಡಾರು ಅನ್ನುವ ಮುಜುಗರ ಇರಬಹುದು.

ಅವರು ಇಷ್ಟು ವರ್ಷ ಸುಮ್ಮನಿರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು, ಅದು ಮುಚ್ಚಿಡುವುದಲ್ಲ. ಅಷ್ಟು ಭಯದಲ್ಲಿ ಮಿದುಳು ನಡೆದದ್ದನ್ನು ಸಾಲಾಗಿ ಬರೆದುಕೊಳ್ಳುವುದಿಲ್ಲ. ತುಂಡು ತುಂಡಾಗಿ ಉಳಿಯುತ್ತದೆ. ಒಂದು ಬೂಟು, ಒಂದು ವಾಸನೆ, ಯಾರದೋ ಕೆಮ್ಮು. ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಿರುವುದಿಲ್ಲ. ಹೇಳಲು ಕೂತರೆ ಕೇಳುವವರಿಗೆ ಬೇಕಾದ ಕಥೆಯೇ ಬಾಯಿಗೆ ಬರುತ್ತದೆ. ಟಾಲ್‌ಸ್ಟಾಯ್ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು, ಸೆವಾಸ್ಟೊಪೋಲ್‌ನಲ್ಲಿ ಸೈನ್ಯದಲ್ಲಿದ್ದವರು. ‘ಯುದ್ಧ ಮತ್ತು ಶಾಂತಿ’ಯಲ್ಲಿ ನಿಕೊಲಾಯ್ ರಾಸ್ತೊವ್ ಮೊದಲ ಕಾಳಗದಲ್ಲಿ ಕೈಲಿದ್ದ ಪಿಸ್ತೂಲನ್ನು ಶತ್ರುವಿನ ಮೇಲೆ ಎಸೆದು ಓಡುತ್ತಾನೆ. ಆಮೇಲೆ ಸ್ನೇಹಿತರಿಗೆ ಹೇಳುವಾಗ ಇದ್ದದ್ದು ಇದ್ದ ಹಾಗೆ ಹೇಳಬೇಕು ಅಂತಲೇ ಶುರುಮಾಡುತ್ತಾನೆ. ಹೇಳ್ತಾ ಹೇಳ್ತಾ ಅದು ತನಗೇ ಗೊತ್ತಿಲ್ಲದೆ ಶೂರನ ಕಥೆಯಾಗಿಬಿಡುತ್ತದೆ. ನನ್ನ ಹತ್ತಿರ ಬರುವ ಕೆಲವರು ಹಾಗೆ ಹೇಳಲು ಮನಸ್ಸು ಬಾರದೆಯೇ ಬಾಯಿ ಮುಚ್ಚಿಕೊಂಡಿರುತ್ತಾರೆ.

ಮೂರ್ನಾಲ್ಕು ರಾತ್ರಿ ನಿದ್ದೆ ಕೆಡುವುದು ಇಂಥ ಸಂದರ್ಭದಲ್ಲಿ ಸಹಜ. ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಒಂದು ತಿಂಗಳಾದರೂ ಇಳಿಯದಿದ್ದರೆ, ಕೆಟ್ಟ ಕನಸಿಗೆ ಎದ್ದು ಕೂರುತ್ತಿದ್ದರೆ, ಕುಡಿಯುವುದು ಜಾಸ್ತಿಯಾದರೆ, ಸಣ್ಣ ಸದ್ದಿಗೂ ಬೆಚ್ಚಿ ಆಮೇಲೆ ಗಂಟೆಗಟ್ಟಲೆ ಯಾರ ಜೊತೆಗೂ ಸೇರದಿದ್ದರೆ ಡಾಕ್ಟರಿಗೆ ತೋರಿಸಬೇಕು. ಬದುಕುವುದೇ ಬೇಡ ಅನ್ನುವಂಥ ಮಾತು ಬಂದರೆ ತಿಂಗಳು ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ. ಇಪ್ಪತ್ತು ವರ್ಷದ ಮೇಲೂ ಇದು ತಲೆಯೆತ್ತಬಹುದು, ಅದರಲ್ಲೂ ಕೆಲಸದಿಂದ ನಿವೃತ್ತಿಯಾಗಿ ಕೈ ಖಾಲಿಯಾದ ಮೇಲೆ. ನಿಮ್ಮ ಕಡೆ ಕಾಡಾನೆ ಓಡಿಸಲು ರಾತ್ರಿ ಪಟಾಕಿ ಹೊಡೆಯುತ್ತಾರಲ್ಲ, ಆಗ ಅವರು ಹೇಗಿರುತ್ತಾರೆ ಅಂತ ಅಮ್ಮನನ್ನು ಕೇಳಿ. ನನ್ನಲ್ಲಿಗೆ ಬಂದ ಮಾಜಿ ಸೈನಿಕರೊಬ್ಬರು, ವಿವರ ಬದಲಿಸಿ ಹೇಳುತ್ತಿದ್ದೇನೆ, ಪಟಾಕಿ ಸದ್ದಿಗೆ ಕಣದಲ್ಲಿ ಅಡ್ಡ ಮಲಗಿಬಿಟ್ಟಿದ್ದರು. ಮನೆಯವರು ಆನೆಗೆ ಹೆದರಿದರು ಅಂದುಕೊಂಡರು. ಅವರು ನನಗೆ ಹೇಳಿದ್ದು: ‘ಆನೆಗೆ ಯಾಕ್ ಹೆದರ್ಲಿ ಸಾರ್, ಆನೆ ಕಣ್ಣಿಗೆ ಕಾಣ್ತದೆ.’

ನಿದ್ದೆಯಲ್ಲಿ ಒದ್ದಾಡುತ್ತಿದ್ದರೆ ಭುಜ ಹಿಡಿದು ಅಲ್ಲಾಡಿಸಬೇಡಿ ಅಂತ ಅಮ್ಮನಿಗೆ ಹೇಳಿ. ಸ್ವಲ್ಪ ದೂರ, ಕಾಲಿನ ಕಡೆ ನಿಂತು ಹೆಸರೋ ವರಸೆಯೋ ಹಿಡಿದು ಕರೆಯಲಿ, ಲೈಟ್ ಹಾಕಲಿ. ನಿದ್ದೆಗೆ ಅಂತ ಎರಡು ಪೆಗ್ ಕೊಡುವುದು ಬೇಡವೇ ಬೇಡ. ನಿದ್ದೆ ಬಂದ ಹಾಗೆ ಅನಿಸುತ್ತದೆ, ಕನಸು ಜಾಸ್ತಿಯಾಗುತ್ತದೆ. ನೇರ ಮನೋವೈದ್ಯರ ಹತ್ತಿರ ಅಂದರೆ ಅವರು ಬರದಿರಬಹುದು. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ನೀವೇ ಫೋನ್ ಮಾಡಿ ವಿಚಾರಿಸಿ.

ಅಪ್ಪನನ್ನು ಕೇಳಲಾ ಅಂದಿರಿ. ಕೇಳಬಹುದು, ಆದರೆ ‘ಹೆದರಿದ್ರಾ ಅಪ್ಪ’ ಅಂತ ಅಲ್ಲ. ಎದುರು ಕೂರಿಸಿಕೊಂಡು ಫೋನ್ ರೆಕಾರ್ಡಿಂಗ್‌ಗೆ ಇಟ್ಟಂತೂ ಬೇಡ. ತೋಟದಲ್ಲಿ ಜೊತೆಗೆ ಕೆಲಸ ಮಾಡುವಾಗ ವಸ್ತುಗಳ ಬಗ್ಗೆ ಕೇಳಿ. ಬೆನ್ನಿನ ಮೇಲೆ ಎಷ್ಟು ಭಾರ ಇರ್ತಿತ್ತು? ತಿನ್ನೋಕೆ ಏನು ಕೊಡ್ತಿದ್ರು? ನೀರು ಹೆಪ್ಪುಗಟ್ಟಿದ್ರೆ ಏನು ಮಾಡ್ತಿದ್ರಿ? ನಿಮ್ಮ ಪಕ್ಕ ಮಲಗ್ತಿದ್ದೋರು ಯಾವ ಊರಿನೋರು? ಕೊನೆಯ ಪ್ರಶ್ನೆ ಜೋಪಾನ, ಆ ಮನುಷ್ಯ ವಾಪಸ್ ಬಂದಿಲ್ಲದಿರಬಹುದು. ಅವರು ಮಾತು ನಿಲ್ಲಿಸಿದರೆ ನೀವೂ ನಿಲ್ಲಿಸಿ. ಹೇಳಿದ್ದರಲ್ಲಿ ಯಾವುದನ್ನು ಬರೆಯಬಹುದು ಅಂತ ಕೇಳಿಯೇ ಬರೆಯಿರಿ. ಇದರಲ್ಲಿರುವ ರಿಸ್ಕ್ ಅಂದರೆ, ಕೇಳಿದ ಮೇಲೆ ಆ ರಾತ್ರಿ ಮತ್ತೆ ನಿದ್ದೆ ಕೆಡಬಹುದು. ಅಮ್ಮನಿಗೆ ಮೊದಲೇ ಹೇಳಿಟ್ಟಿರಿ.

ಏನೂ ಕೇಳದೆ ಕಥೆಯನ್ನು ಇದ್ದ ಹಾಗೇ ಕಳಿಸುವ ದಾರಿಯೂ ಇದೆ. ಬರೆಯುವ ಹಕ್ಕು ನಿಮ್ಮದು. ಆದರೆ ನಾಯಕ ನಿಮ್ಮ ಕಡೆಯ ಹುಡುಗ, ಯುದ್ಧ ಕಾರ್ಗಿಲ್. ಊರಿನಲ್ಲಿ ಯಾರೂ ಅದನ್ನು ಕಥೆ ಅಂತ ಓದುವುದಿಲ್ಲ. ಪೇಟೆಯಲ್ಲಿ ಮಾತು ಕೇಳಬೇಕಾದವರು ನೀವಲ್ಲ, ಅಪ್ಪ. ಊರು ಬದಲಿಸಿ, ಯುದ್ಧವನ್ನೂ ಬದಲಿಸಿ, 1971ಕ್ಕೋ 1965ಕ್ಕೋ ಒಯ್ದರೆ ಈ ತೊಂದರೆ ತಪ್ಪುತ್ತದೆ. ಆದರೆ ಬಂದೂಕಿನಿಂದ ಬೂಟಿನವರೆಗೆ ಎಲ್ಲ ಹೊಸದಾಗಿ ಕಲಿಯಬೇಕು. ಆ ಭಾಗ ತೆಗೆದುಬಿಟ್ಟರೆ ಯಾರಿಗೂ ನೋವಿಲ್ಲ, ಕಥೆ ಇನ್ನೊಂದು ವೀರಗಲ್ಲಾಗುತ್ತದೆ. ನಾನಾಗಿದ್ದರೆ ಭಯವನ್ನು ಉಳಿಸಿಕೊಂಡು ಅಳುವನ್ನು ತೆಗೆಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಜೊತೆಗಾರನನ್ನು ತರುತ್ತಿದ್ದೆ. ಮುಗಿದ ಮೇಲಿನ ನಡುಕಕ್ಕೆ ಅರ್ಧ ಪುಟ ಕೊಡುತ್ತಿದ್ದೆ. ಮತ್ತೆ ಈ ವರ್ಷದ ಸ್ಪರ್ಧೆಯನ್ನು ಬಿಟ್ಟುಬಿಡುತ್ತಿದ್ದೆ, ದೀಪಾವಳಿ ಮುಂದಿನ ವರ್ಷವೂ ಬರುತ್ತದೆ.

ಕೊನೆಗೆ ಎರಡು ಸಣ್ಣ ತಿದ್ದುಪಡಿ. ಕಾರ್ಗಿಲ್‌ನಲ್ಲಿ ಶಿಖರದ ಮೇಲಿನ ದಾಳಿಗಳು ಹೆಚ್ಚಾಗಿ ನಡೆದದ್ದು ರಾತ್ರಿ. ಹಗಲು ಹತ್ತಿದರೆ ಮೇಲಿದ್ದವರಿಗೆ ಪ್ರತಿ ಹೆಜ್ಜೆಯೂ ಕಾಣುತ್ತಿತ್ತು. ಹಾಗಾಗಿ ‘ಬೆಳಗ್ಗೆ ಎದ್ದು ಹತ್ತುತ್ತಾನೆ’ ಆಗುವುದಿಲ್ಲ. ಅವನು ಕಾಯುವುದು ಹಗಲಿಡೀ, ಕತ್ತಲಾಗಲಿ ಅಂತ. ನಿಮ್ಮ ಭಯದ ದೃಶ್ಯವನ್ನೂ ಆ ಹಗಲಿಗೆ ತನ್ನಿ. ಎರಡನೆಯದು, ಅಷ್ಟು ಎತ್ತರದಲ್ಲಿ, ಅಷ್ಟು ಭಾರ ಹೊತ್ತು ಯಾರೂ ಓಡುವುದಿಲ್ಲ. ನಾಲ್ಕು ಹೆಜ್ಜೆ, ನಿಂತು ಉಸಿರು, ಮತ್ತೆ ನಾಲ್ಕು ಹೆಜ್ಜೆ. ಬಂಕರ್ ತನಕ ಅವನು ತೆವಳಿಕೊಂಡೇ ಹೋಗಬೇಕು.